ಎರಡು ಕಡತಗಳು

ನಾವು ಶೋಳಿಂಗನಲ್ಲೂರಿಗೆ ಬಂದು ನೆಲೆಸಿ ಒಂಬತ್ತು ವರ್ಷಗಳಾದವು. ಕೇಂದ್ರ ಸರ್ಕಾರದ ನೌಕರಿಯೆಂದರೆ ವರ್ಗಾವಣೆಯ ಬದುಕು. ಮೂರು ಪೆಟ್ಟಿಗೆ ಕನ್ನಡ ಪುಸ್ತಕಗಳನ್ನು ಹೊತ್ತು ಊರಿಂದೂರಿಗೆ ಅಲೆದು ಇಲ್ಲಿ ತಂಗಿದವರು ನಾವು. ಇಲ್ಲಿನ ಕೂಡುರಸ್ತೆಯಿಂದ ಮೇಡವಾಕ್ಕಂ ದಿಕ್ಕಿಗೆ ತಿರುಗಿದರೆ, ಏಳುತ್ತಿರುವ ಮೆಟ್ರೊ ಕಂಬಗಳ ನಡುವೆ ತೆವಳುತ್ತ ಸಾಗುವ ಷೇರ್ ಆಟೊ ಸ್ವಲ್ಪ ಹೊತ್ತಿನಲ್ಲೇ ಪೆರುಂಬಾಕ್ಕಂ ತಲುಪುತ್ತದೆ. ಅಲ್ಲಿ ಕೇಂದ್ರೀಯ ಶಾಸ್ತ್ರೀಯ ತಮಿಳು ಸಂಸ್ಥೆಯ ಹೊಸ ಕಟ್ಟಡವಿದೆ. 24 ಕೋಟಿ ರೂಪಾಯಿಯ ಕೇಂದ್ರದ ಹಣದಲ್ಲಿ ಕಟ್ಟಿದ ಈ ಕಟ್ಟಡವನ್ನು ಪ್ರಧಾನಿಯವರು 2022ರ ಜನವರಿಯಲ್ಲಿ ಉದ್ಘಾಟಿಸಿದರು. ಇನ್ನೂ ಮುಂದೆ ಪಳ್ಳಿಕರಣೈ ಜೌಗುನೆಲದ ಆಚೆಗೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ. ಮೂವರನ್ನು ಸಮುದ್ರದ 6,000 ಮೀಟರ್ ಆಳಕ್ಕೆ ಇಳಿಸಬಲ್ಲ 'ಮತ್ಸ್ಯ 6000' ಎಂಬ ವಾಹನ ಆ ಸಂಸ್ಥೆಯ ಕೆಲಸ. ಅದು ಸೇರಿರುವ ಆಳಸಾಗರ ಯೋಜನೆಗೆ 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೊತ್ತ ಐದು ವರ್ಷಕ್ಕೆ 4,077 ಕೋಟಿ ರೂಪಾಯಿ.

ಒಂದೇ ರಸ್ತೆಯ ಗುಂಟ ಎರಡು ಸಂಶೋಧನೆಗಳು: ಒಂದು ಎರಡು ಸಾವಿರ ವರ್ಷ ಹಿಂದಕ್ಕೆ ಇಳಿಯುತ್ತದೆ, ಇನ್ನೊಂದು ಆರು ಕಿಲೋಮೀಟರ್ ಕೆಳಕ್ಕೆ. ಎರಡಕ್ಕೂ ಹಣ ಒಂದೇ ಬೊಕ್ಕಸದಿಂದ ಬರುತ್ತದೆ. ಯಾವುದಕ್ಕೆ ಎಷ್ಟು, ಯಾವುದಕ್ಕೆ ಮೊದಲು ಎಂಬುದನ್ನು ಯಾರು, ಹೇಗೆ ನಿರ್ಧರಿಸುತ್ತಾರೆ ಎಂದು ನಾವು ಬಹುಕಾಲ ಕೇಳಿಕೊಳ್ಳಲೇ ಇಲ್ಲ. ಕೇಳಿಕೊಳ್ಳುವಂತೆ ಮಾಡಿದವಳು ನಮ್ಮ ಅಕ್ಕನ ಮಗಳು.

ಅವಳು ಹಳಗನ್ನಡ ಓದಿದವಳು. ತೀರ್ಥಹಳ್ಳಿ ಸೀಮೆಯ ಒಂದು ಹಳೆಯ ಮನೆಯಲ್ಲಿದ್ದ ಹನ್ನೊಂದು ಕಡತಗಳನ್ನು ಓದಿ, ಪ್ರತಿ ಮಾಡಿ, ಸಂಪಾದಿಸುವ ಕೆಲಸಕ್ಕೆ ಕೈ ಹಾಕಿದ್ದಳು. ಕಡತವೆಂದರೆ ಇಂದು ಕಚೇರಿಯ ಫೈಲು ಎಂದಷ್ಟೇ ನಮಗೆ ಗೊತ್ತು. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಠಗಳ ಲೆಕ್ಕ, ವರ್ತಕರ ಲೇವಾದೇವಿ, ಅಡಕೆಯ ಧಾರಣೆ, ಗೇಣಿಯ ಕರಾರು ಎಲ್ಲವೂ ಅದರಲ್ಲಿ. ಶೃಂಗೇರಿ ಮಠದ ಕಡತಗಳು ಚರಿತ್ರೆಯ ಅಭ್ಯಾಸಿಗಳಿಗೆಲ್ಲ ಪರಿಚಿತ. ಆದರೆ ಬಳಪದ ಬರಹಕ್ಕೆ ಒಂದು ದೋಷವಿದೆ: ಬಿಚ್ಚಿ ಮಡಚಿದಷ್ಟೂ ಸವೆಯುತ್ತದೆ. ಓಲೆಗರಿಯ ಅಕ್ಷರ ಕೊರೆದದ್ದು; ಕಡತದ ಅಕ್ಷರ ಮೇಲೆ ಕೂತದ್ದು.

ಅವಳ ಕೆಲಸಕ್ಕೆ ಒಂದು ಸಂಸ್ಥೆ ಮೂರು ವರ್ಷದ ಅನುದಾನ ಕೊಟ್ಟಿತ್ತು. ಮೊದಲ ಕಂತು ಬಂತು. ಎರಡನೆಯ ಕಂತಿಗೆ ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಹೋಯಿತು, ಆಕ್ಷೇಪಣೆಯೊಂದಿಗೆ ಹಿಂದಿರುಗಿತು: ಪ್ರಯಾಣವೆಚ್ಚಕ್ಕೆ ಮೂಲ ರಸೀದಿಗಳಿಲ್ಲ. ಉತ್ತರ ಹೋಯಿತು, ಮತ್ತೊಂದು ಆಕ್ಷೇಪಣೆ ಬಂತು. ಅಷ್ಟರಲ್ಲಿ ಮಾರ್ಚ್ 31 ಕಳೆಯಿತು. ಎಂಟು ತಿಂಗಳು ಸಂಬಳವಿಲ್ಲದೆ ದುಡಿದ ಇಬ್ಬರು ಸಹಾಯಕರು ಬೇರೆ ದಾರಿ ನೋಡಿಕೊಂಡರು. ಹನ್ನೊಂದರಲ್ಲಿ ನಾಲ್ಕು ಕಡತಗಳ ಪ್ರತಿಯಾಗಿತ್ತು. ಅವಳು ನಮ್ಮ ಮನೆಗೆ ಬಂದು, ಇಲ್ಲಿನ ಐಟಿ ರಸ್ತೆಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. ಕೆಲಸವೇನೆಂದರೆ ಯಂತ್ರಕ್ಕೆ ಕನ್ನಡ ಕಲಿಸುವುದು: ಯಂತ್ರ ಬರೆದ ಕನ್ನಡ ವಾಕ್ಯ ಸರಿಯೋ ತಪ್ಪೋ ಎಂದು ದಿನಕ್ಕೆ ನೂರಾರು ಸಲ ಗುರುತು ಹಾಕುವುದು.

ಒಂದು ರಾತ್ರಿ ಊಟವಾದ ಮೇಲೆ ಆ ಆಕ್ಷೇಪಣೆಯ ಪತ್ರವನ್ನು ನಮ್ಮ ಮುಂದೆ ಇಟ್ಟಳು. "ಮಾವ, ಆ ಕಾಡಿನ ದಾರಿಯಲ್ಲಿ ಆಟೊದವನು ನಿಲ್ಲಿಸಿ ಬಿಲ್ಲು ಬರೆದು ಕೊಡ್ತಾನಾ? ಇದನ್ನ ಬರೆದೋರು ನಿಮ್ಮ ಹಾಗೇ ಯಾರೋ ಒಬ್ಬರು ಇರ್ತಾರೆ, ಅಲ್ವಾ?"

ನಮಗೆ ಉತ್ತರ ಹೊಳೆಯಲಿಲ್ಲ. ಅವಳ ಪತ್ರ ನಮ್ಮ ಕಚೇರಿಯದಲ್ಲ; ಆದರೆ ಅದರ ಭಾಷೆ ನಮ್ಮದೇ. 2017ರ ಸಾಮಾನ್ಯ ಹಣಕಾಸು ನಿಯಮಗಳು, ನಮೂನೆ 12-ಎ, "ಅನುಬಂಧಗಳೊಡನೆ ಮರುಸಲ್ಲಿಸುವುದು" ಇವನ್ನೆಲ್ಲ ನಾವು ಎಷ್ಟು ಸಲ ಬರೆದಿಲ್ಲ! ಒಂದು ಮಾರ್ಚಿಯ ಕೊನೆಯ ವಾರ, ದೂರದ ಊರಿನ ಒಂದು ಚಿಕ್ಕ ಸಂಘದ ಕಡತವನ್ನು ಇದೇ ಬಗೆಯ ಸಾಲೊಂದರಿಂದ ಹಿಂದೆ ಕಳುಹಿಸಿದ್ದು ನೆನಪಾಯಿತು. ನಿಯಮದ ಪ್ರಕಾರ ಅದು ಸರಿಯೇ. ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಕೇ ಬೇಕು. ಆದರೆ ಆ ಸಾಲು ಬರೆಯುವಾಗ ಆಚೆ ಬದಿಯಲ್ಲಿ ಏನು ನಿಂತುಹೋಗುತ್ತದೆ ಎಂದು ನಾವು ವಿಚಾರಿಸಿರಲಿಲ್ಲ. ಆ ಸಂಘ ಮತ್ತೆ ಬರೆಯಲೂ ಇಲ್ಲ. ಆದ್ಯತೆಗಳು ದೆಹಲಿಯ ಸಭೆಗಳಲ್ಲಿ ಮಾತ್ರ ನಿರ್ಧಾರವಾಗುತ್ತವೆಂದು ನಾವು ನಂಬಿದ್ದೆವು. ನಮ್ಮ ಮೇಜಿನ ಮೇಲೂ ಆಗುತ್ತವೆಂಬುದು ಆ ರಾತ್ರಿ ತಿಳಿಯಿತು.

ಅಂದಿನಿಂದ ನಾವು ಈ ವಿಷಯವನ್ನು ಓದತೊಡಗಿದೆವು. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ದೊರೆತದ್ದು 2008ರ ಅಕ್ಟೋಬರ್ 31ರಂದು, ತೆಲುಗಿನ ಜೊತೆಗೆ. ತಮಿಳಿಗೆ 2004ರಲ್ಲೇ ದೊರೆತಿತ್ತು. ತಮಿಳಿನ ಕೇಂದ್ರವೂ ಮೊದಲು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲೇ ಇದ್ದು, 2008ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ಚೆನ್ನೈಗೆ ಬಂದಿತು. ಶಾಸ್ತ್ರೀಯ ಕನ್ನಡದ ಅತ್ಯುನ್ನತ ಅಧ್ಯಯನ ಕೇಂದ್ರ 2011ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅದೂ ಸ್ವಾಯತ್ತವಾಗಬೇಕೆಂಬ ಬೇಡಿಕೆ ವರ್ಷಗಳಿಂದ ಕೇಳಿಬರುತ್ತಿದೆ. ಸರ್ಕಾರವೇ ಕೊಟ್ಟ ಅಂಕಿಗಳ ಪ್ರಕಾರ, 2017-18ರಿಂದ 2019-20ರವರೆಗಿನ ಮೂರು ವರ್ಷಗಳಲ್ಲಿ ಸಂಸ್ಕೃತಕ್ಕೆ ವೆಚ್ಚವಾದದ್ದು 643.84 ಕೋಟಿ ರೂಪಾಯಿ. ತಮಿಳಿಗೆ ಸುಮಾರು 23 ಕೋಟಿ. ಕನ್ನಡಕ್ಕೆ ಕ್ರಮವಾಗಿ ಒಂದು ಕೋಟಿ, 99 ಲಕ್ಷ, 1.07 ಕೋಟಿ; ತೆಲುಗಿಗೂ ಅಷ್ಟೇ.

ಈ ಅಂಕಿಗಳನ್ನು ಕಂಡೊಡನೆ ಸಿಟ್ಟು ಬರುವುದು ಸಹಜ. ನಮಗೂ ಬಂತು. ಆದರೆ ಲೆಕ್ಕದ ನೌಕರಿಯಲ್ಲಿ ಕೂದಲು ನರೆಸಿಕೊಂಡವರು ತುಸು ನಿಧಾನಿಸಬೇಕಾಗುತ್ತದೆ. ಸಂಸ್ಕೃತದ ಮೊತ್ತದಲ್ಲಿ ಪಾಠ ಹೇಳುವ ವಿದ್ಯಾಪೀಠಗಳಿವೆ, ಅಧ್ಯಾಪಕರ ಸಂಬಳವಿದೆ, ವಿದ್ಯಾರ್ಥಿಗಳ ವಸತಿಯಿದೆ. ಒಂದು ಸಣ್ಣ ಅಧ್ಯಯನ ಕೇಂದ್ರದ ವೆಚ್ಚದೊಡನೆ ಅದನ್ನು ನೇರವಾಗಿ ತೂಗುವುದು ನ್ಯಾಯವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಆ ವಿದ್ಯಾಪೀಠಗಳು ಅಲ್ಲಿ ಏಕೆ ಇವೆ, ನಮ್ಮಲ್ಲಿ ಏಕೆ ಇಲ್ಲ? ಯಾರೋ ಒಂದು ಕಾಲದಲ್ಲಿ ಕೇಳಿದ್ದರು, ಕೇಳುತ್ತಲೇ ಇದ್ದರು. ಪೆರುಂಬಾಕ್ಕಂನ ಕಟ್ಟಡದ ಹಿಂದೆಯೂ ಅಂಥದೇ ಪಟ್ಟು ಇದೆ. ಜಾಗ ರಾಜ್ಯ ಸರ್ಕಾರದ್ದು. ಪ್ರಶಸ್ತಿಯೊಂದಕ್ಕೆ ಕರುಣಾನಿಧಿಯವರು ತಮ್ಮ ಸ್ವಂತದ ಒಂದು ಕೋಟಿ ರೂಪಾಯಿ ಕೊಟ್ಟರು. ಆ ಪ್ರಶಸ್ತಿ ಮೊದಲಿಗೆ ಸಂದದ್ದು ಫಿನ್ಲೆಂಡಿನ ವಿದ್ವಾಂಸ ಆಸ್ಕೊ ಪಾರ್ಪೊಲಾ ಅವರಿಗೆ. ಮನೆಯ ಮಾತನ್ನು ಹೊರಗಿನವರೂ ಆಡುವಂತೆ ಮಾಡುವ ಜಾಣ್ಮೆ ಅದರಲ್ಲಿದೆ. ನಾವು ಅಸೂಯೆಪಡುವುದಕ್ಕಿಂತ ಕಲಿಯುವುದು ಮೇಲು.

ಪಾರ್ಪೊಲಾ ಅವರ ಊರಿನ ಕಡೆಯ ರೀತಿಯನ್ನೂ ನೋಡೋಣ. ಯುರೋಪಿನ ಒಕ್ಕೂಟ 2021ರಿಂದ 2027ರವರೆಗೆ ಸಂಶೋಧನೆ ಮತ್ತು ನಾವೀನ್ಯಕ್ಕೆಂದು 'ಹೊರೈಜನ್ ಯುರೋಪ್' ಯೋಜನೆಯಲ್ಲಿ ತೆಗೆದಿಟ್ಟದ್ದು ಸುಮಾರು 95.5 ಬಿಲಿಯನ್ ಯೂರೊ. ಅವರಲ್ಲಿ ಏಳು ವರ್ಷಕ್ಕೊಮ್ಮೆ ಲೆಕ್ಕ. ನಮ್ಮಲ್ಲಿ ಪ್ರತಿ ಮಾರ್ಚಿಗೆ. ಇಂಥ ಯೋಜನೆಗಳ ಮುಂಚೆ ಮತ್ತು ನಡುವೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಒಕ್ಕೂಟದ 24 ಅಧಿಕೃತ ಭಾಷೆಗಳಲ್ಲಿ ಯಾವುದರಲ್ಲಾದರೂ ಉತ್ತರಿಸಬಹುದು. ಆ 24ರಲ್ಲಿ ಮಾಲ್ಟೀಸ್ ಒಂದು. ಅದನ್ನಾಡುವವರ ದ್ವೀಪರಾಷ್ಟ್ರದ ಜನಸಂಖ್ಯೆ ಐದು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ. ಕೇಳಿದ್ದೆಲ್ಲ ಅಲ್ಲಿ ಸಿಕ್ಕಿಬಿಡುತ್ತದೆಂದಲ್ಲ. ದೊಡ್ಡ ಉದ್ಯಮಗಳ ದನಿ ಎಲ್ಲ ಕಡೆಯೂ ದೊಡ್ಡದೇ. ಆದರೂ ಮಾಲ್ಟಾದ ಶಾಲಾಶಿಕ್ಷಕಿಯೊಬ್ಬಳು ತನ್ನ ಮಾತಿನಲ್ಲೇ ಬ್ರಸೆಲ್ಸ್‌ಗೆ ಬರೆಯಬಹುದೆಂಬುದು ಸಣ್ಣ ಸಂಗತಿಯಲ್ಲ.

ನಮ್ಮಲ್ಲಿಯೂ ಬಾಗಿಲುಗಳು ಇಲ್ಲದಿಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಕಾಯ್ದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಹುಟ್ಟಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ. ಅದರ ದೊಡ್ಡ ಪಾಲು ಸರ್ಕಾರದ ಹೊರಗಿನ ಮೂಲಗಳಿಂದ ಬರಬೇಕೆಂಬ ನಿರೀಕ್ಷೆ. ದೇಶದ ಒಟ್ಟು ಉತ್ಪನ್ನದ ಶೇ. 0.64ರಷ್ಟನ್ನು ಮಾತ್ರ ಸಂಶೋಧನೆಗೆ ವ್ಯಯಿಸುವ ನಮಗೆ ಇದು ಬೇಕಾದದ್ದೇ. ಆ ಕಾಯ್ದೆಯಲ್ಲಿ ಮಾನವಿಕ ಶಾಸ್ತ್ರಗಳಿಗೂ ಜಾಗವಿದೆ, ಆದರೆ ಅವು ವಿಜ್ಞಾನ ತಂತ್ರಜ್ಞಾನಗಳನ್ನು ಮುಟ್ಟುವ ಅಂಚಿನಲ್ಲಿ ಮಾತ್ರ. ಕಡತ ಓದುವವಳು ಆ ಅಂಚಿನಲ್ಲಿ ನಿಲ್ಲಬಲ್ಲಳೇ? ನಿಲ್ಲಬಲ್ಲಳೆಂದು ನಮ್ಮ ಅಕ್ಕನ ಮಗಳ ವಾದ. ಭಾಷೆಗಳ ಯಂತ್ರಾನುವಾದಕ್ಕೆಂದು 'ಭಾಷಿಣಿ' ಎಂಬ ರಾಷ್ಟ್ರೀಯ ಯೋಜನೆ ನಡೆದಿದೆ, ಒಳ್ಳೆಯದೇ. "ಆದರೆ ಯಂತ್ರ ಕಲಿಯೋದು ಇರೋ ಪಠ್ಯದಿಂದ, ಮಾವ. ಕಡತದ ಗೇಣಿ, ಮೂಲಗೇಣಿ, ಉಂಬಳಿ ಅದಕ್ಕೆ ಗೊತ್ತೇ ಇಲ್ಲ. ದಿನಾ ಅದರ ತಪ್ಪು ತಿದ್ದೋಳು ನಾನೇ ಅಲ್ವಾ?" ಎನ್ನುತ್ತಾಳೆ.

ಬೇಗ ಫಲ ಕೊಡುವುದಕ್ಕೆ ಬೇಗ ಹಣ ಸಿಗುವುದು ಲೋಕರೂಢಿ. ಕನ್ನಡದ ದೊಡ್ಡ ಕೆಲಸಗಳಾವುವೂ ಬೇಗ ಫಲ ಕೊಟ್ಟವಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕೆಲಸ 1940ರ ದಶಕದಲ್ಲಿ ಮೊದಲಾಗಿ ಎಂಟನೆಯ ಸಂಪುಟದೊಡನೆ ಮುಗಿದದ್ದು 1995ರಲ್ಲಿ. ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ಹಣದಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡು ಸಂಪುಟಗಳಿಗೆ ತಂದದ್ದು ಎರಡು ದಶಕಗಳ ದುಡಿಮೆ. ನಾವಿರುವ ಈ ಊರಿನ ಮದರಾಸು ವಿಶ್ವವಿದ್ಯಾಲಯವೇ ಕಿಟೆಲ್ ನಿಘಂಟನ್ನು ಪರಿಷ್ಕರಿಸಿ ಹೊರತಂದಿತು. ಸಂಪಾದಿಸಿದವರು ಮರಿಯಪ್ಪ ಭಟ್ಟರು, ಮುಗಿದದ್ದು 1971ರಲ್ಲಿ. ಕನ್ನಡದ ಕೆಲಸಕ್ಕೆ ಕನ್ನಡನಾಡಿನ ಹೊರಗಿನ ಹಣವೂ ದುಡಿದಿದೆಯೆಂದು ಹೇಳಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಒಂದು ವರ್ಷದ ರಸೀದಿ ಸರಿಯಿಲ್ಲವೆಂದು ಇವನ್ನು ನಡುವೆಯೇ ನಿಲ್ಲಿಸಿದ್ದರೆ ಇಂದು ನಮ್ಮ ಕಪಾಟಿನಲ್ಲಿ ಏನಿರುತ್ತಿತ್ತು?

ಇಷ್ಟು ಬರೆದ ಮೇಲೆ ನಮ್ಮದೊಂದು ತಪ್ಪೊಪ್ಪಿಗೆ. 2021ರ ಆರಂಭದಲ್ಲಿ ರಾಷ್ಟ್ರೀಯ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ನೀತಿಯ ಕರಡು ಸಾರ್ವಜನಿಕ ಅಭಿಪ್ರಾಯಕ್ಕೆ ಬಂದಿತ್ತು. ಇಂಗ್ಲಿಷ್ ಎಂ.ಎ. ಮಾಡಿದ ಹೆಮ್ಮೆಯಿಂದ ನಾವು ಅದನ್ನು ಮೊದಲಿಂದ ಕೊನೆಯವರೆಗೆ ಓದಿದೆವು. ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದೆವು; ಒಂದೆರಡು ವಾಕ್ಯಗಳ ವ್ಯಾಕರಣವನ್ನೂ ತಿದ್ದಿದೆವು. ಅಭಿಪ್ರಾಯವೆಂದು ಒಂದು ಸಾಲನ್ನೂ ಕಳುಹಿಸಲಿಲ್ಲ. ಸರ್ಕಾರಿ ನೌಕರರು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲವೆಂಬ 1964ರ ನಡತೆ ನಿಯಮ ನೆನಪಾಯಿತೆಂದು ನಮಗೆ ನಾವೇ ಹೇಳಿಕೊಂಡೆವು. ನಿಜ ಬೇರೆ. ಸರ್ಕಾರವೇ ಕೇಳಿದಾಗ ಹೇಳುವುದು ಟೀಕೆಯಲ್ಲ. ನಮ್ಮ ಸುತ್ತಲಿನ ನಿವೃತ್ತ ಅಧ್ಯಾಪಕರಿಗೂ ಸಾಫ್ಟ್‌ವೇರ್ ಎಂಜಿನಿಯರುಗಳಿಗೂ ನಾವು ಅದನ್ನು ಕನ್ನಡದಲ್ಲಿ ವಿವರಿಸಿ ಬರೆಸಬಹುದಿತ್ತು. ಅದನ್ನು ಯಾವ ನಿಯಮವೂ ತಡೆಯುತ್ತಿರಲಿಲ್ಲ. ಸೋಮಾರಿತನಕ್ಕೆ ನಿಯಮದ ಹೊದಿಕೆ ಹೊದಿಸಿದ್ದೆವು, ಅಷ್ಟೆ. ಹೊರನಾಡಿನ ಕನ್ನಡಿಗರಾದ ನಮಗೆ ರಾಜ್ಯೋತ್ಸವದ ವೇದಿಕೆಗೆ ಸಮಯವಿದೆ. ಅರ್ಜಿಯ ನಮೂನೆ ಓದಲು ಬೇಸರ.

ಕಳೆದ ದೀಪಾವಳಿಯ ರಜೆಯಲ್ಲಿ ಅವಳೊಡನೆ ನಾವೂ ಆ ಮನೆಗೆ ಹೋದೆವು. ಮನೆಯ ಹಿರಿಯಾಕೆ ನಾಗಂದಿಗೆಯಿಂದ ಕೆಂಪು ವಸ್ತ್ರದ ಗಂಟು ಇಳಿಸಿಕೊಟ್ಟರು. ಐದನೆಯ ಕಡತವನ್ನು ಜಗಲಿಯ ಬೆಳಕಿನಲ್ಲಿ ಬಿಚ್ಚಿದಾಗ, ಮಡಿಕೆ ಬಿದ್ದಲ್ಲೆಲ್ಲ ಅಕ್ಷರಗಳಿರಲಿಲ್ಲ. ಎರಡು ಬೆರಳಗಲ ಬರಿಯ ಕಪ್ಪು. "ಮೂರು ವರ್ಷದ ಹಿಂದೆ ಮೊದಲ ಸಲ ನೋಡಿದಾಗ ಇಲ್ಲೊಂದು ಹೆಂಗಸಿನ ಹೆಸರಿತ್ತು" ಎಂದಳು ಅವಳು. ಹೆಸರೇನೆಂದು ಕೇಳಿದೆವು. ಅವಳಿಗೆ ನೆನಪಿರಲಿಲ್ಲ. ಉಳಿದ ಕಡತಗಳನ್ನು ಎರಡು ದಿನ ಕೂತು ಮೊಬೈಲಿನಲ್ಲೇ ಚಿತ್ರ ತೆಗೆದೆವು. ಅದು ಸಂಶೋಧನೆಯಲ್ಲ, ಬೆಂಕಿ ಬಿದ್ದ ಮನೆಯಿಂದ ಕೈಗೆ ಸಿಕ್ಕದ್ದನ್ನು ಹೊರಗೆಸೆದ ಹಾಗೆ.

ಹಿಂದಿರುಗಿದ ಮೇಲೆ ಹೊಸ ಅರ್ಜಿಯೊಂದನ್ನು ಬರೆಯಲು ಕೂತಿದ್ದೇವೆ. ಪ್ರಯಾಣಕ್ಕೆ ರಸೀದಿ ಸಿಗದ ಕಡೆ ದಿನಕ್ಕಿಷ್ಟೆಂಬ ನಿಗದಿತ ಭತ್ಯೆಯನ್ನು ಅಂದಾಜಿನಲ್ಲೇ ಕೇಳಿದ್ದೇವೆ. ಮಾರ್ಚಿಯ ತೊಡಕನ್ನು ನೆನೆದು ಮೊದಲ ಕಂತಿನಲ್ಲಿ ಚಿತ್ರೀಕರಣವನ್ನೂ ಎರಡನೆಯದರಲ್ಲಿ ಓದನ್ನೂ ಇಟ್ಟಿದ್ದೇವೆ. ಇಪ್ಪತ್ತು ವರ್ಷ ಆಕ್ಷೇಪಣೆ ಬರೆದ ಕೈಗೆ ಆಕ್ಷೇಪಣೆ ಎಲ್ಲಿ ಹುಟ್ಟುತ್ತದೆಂಬುದು ಗೊತ್ತಿದೆ. ಆ ತಿಳಿವನ್ನು ಈಗ ಮೇಜಿನ ಈಚೆ ಬದಿಯಲ್ಲಿ ಕೂತು ಬಳಸುತ್ತಿದ್ದೇವೆ. ಈ ಬರಹ ಓದುವ ಮಿತ್ರರಲ್ಲಿ ಯಾರ ಬಳಿಯಾದರೂ ಇಂಥ ನಿಂತುಹೋದ ಕೆಲಸವಿದ್ದರೆ, ಇಂಗ್ಲಿಷಿನ ನಮೂನೆ ತುಂಬಲು ನಮ್ಮ ಭಾನುವಾರಗಳಿವೆ.

ನಮೂನೆಯಲ್ಲಿ ಒಂದು ಅಂಕಣ: ಈ ಯೋಜನೆಯನ್ನು ಈಗಲೇ ಕೈಗೊಳ್ಳುವ ಅಗತ್ಯವೇನು? ಇನ್ನೂರು ಪದಗಳ ಮಿತಿ. ಅವಳು ಕನ್ನಡದಲ್ಲಿ ನಾಲ್ಕೇ ಪದ ಬರೆದು ನಮ್ಮತ್ತ ತಳ್ಳಿದಳು: "ಬಿಚ್ಚಿದಷ್ಟೂ ಅಳಿಸುತ್ತದೆ, ಬಿಚ್ಚದೆ ಓದಲಾಗದು." ನಾವು ಎಣಿಸಿ, ನಾಲ್ಕು ಪದ ಸಾಲದು ಎಂದೆವು. "ನೋಡಿ, ಆಕ್ಷೇಪಣೆ ಬಂತು" ಎಂದು ನಕ್ಕಳು. ಅದನ್ನು ಇನ್ನೂರು ಪದಗಳ ಇಂಗ್ಲಿಷಿಗೆ ಹಿಗ್ಗಿಸುವ ಕೆಲಸದಲ್ಲಿ ನಾವಿದ್ದೇವೆ.