ವೀರಗಲ್ಲು ಮತ್ತು ಬಾಂಬರ್ ವಿಮಾನ

ಹಿರೇಕೆರೂರಿನಿಂದ ಹಾನಗಲ್ಲಿಗೆ ಹೋಗುವ ದಾರಿಯಲ್ಲಿ ಕೆರೆಗಳನ್ನು ಎಣಿಸುತ್ತ ಹೋದರೆ ಪ್ರಯಾಣದ ಆಯಾಸವೇ ತಿಳಿಯದು. ನಾನು ಮೊದಲ ಬಾರಿಗೆ ಈ ದಾರಿಯನ್ನು ಕಂಡದ್ದು ಸೋದರಮಾವನ ಕೈಹಿಡಿದು. ಆಗ ನನಗೆ ಹತ್ತು ವರ್ಷ. ಮಾವ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ತಗಡು ಕೆಲಸಗಾರ. ರಜೆಯ ಮೇಲೆ ಊರಿಗೆ ಬಂದಿದ್ದರು. ಈಚೆಗೆ ಮತ್ತೊಮ್ಮೆ ಅದೇ ದಾರಿಯಲ್ಲಿ ಸಾಗಿದಾಗ ಅವರಿರಲಿಲ್ಲ. ಆದರೆ ಅವರ ಮಾತು ಮಾತ್ರ ನನ್ನ ಜೊತೆಯಲ್ಲಿಯೇ ಬಂದಿತು.

ಹಾನಗಲ್ಲು ಹಿಂದಿನ ಪಾನುಂಗಲ್ಲು, ಕದಂಬರ ರಾಜಧಾನಿ. ವಿರಾಟನಗರವೆಂಬ ಐತಿಹ್ಯವೂ ಉಂಟು. ತಾರಕೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಅರಳಿರುವ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಿದವರು ಕತ್ತು ನೋಯುವವರೆಗೂ ದೃಷ್ಟಿ ಕೀಳಲಾರರು. ಆದರೆ ಮಾವ ನನ್ನನ್ನು ನಿಲ್ಲಿಸಿದ್ದು ಒಂದು ವೀರಗಲ್ಲಿನ ಮುಂದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಈ ಊರಿಗೆ ಮುತ್ತಿಗೆ ಹಾಕಿದನೆಂದೂ, ಕದಂಬ ಕಾಮದೇವನ ಪಡೆ ಅವನನ್ನು ಹಿಮ್ಮೆಟ್ಟಿಸಿತೆಂದೂ ಇತಿಹಾಸ ಹೇಳುತ್ತದೆ. ಹಾಗೆ ಮಡಿದವರಿಗಾಗಿ ಇಂಥ ಕಲ್ಲುಗಳು ಎದ್ದವು.

“ಇವನಿಗೆ ಕಲ್ಲಾದರೂ ಇದೆ. ನಾನು ತೇಪೆ ಹಾಕಿದ ವಿಮಾನಗಳಲ್ಲಿ ಕುಳಿತಿದ್ದವರು ಯಾರೋ, ಎಲ್ಲಿ ಹೋದರೋ!” ಎಂದರು ಮಾವ.

ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹುಕಾಲದ ಮೇಲೆ. ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೇನಾ ವಿಮಾನದಳದ ದುರಸ್ತಿ ಕೇಂದ್ರವಾಯಿತು. ಅಲ್ಲಿಗೆ ಬರುತ್ತಿದ್ದ ವಿಮಾನಗಳಲ್ಲಿ ಲಿಬರೇಟರ್ ಎಂಬ ಬಾಂಬರ್ ಪ್ರಮುಖವಾದುದು. ನಾಲ್ಕು ಎಂಜಿನ್ನುಗಳು, ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ, ಒಳಗೆ ಎಂಟು ಹತ್ತು ಜನ. ಇಂಥ ವಿಮಾನಗಳು 18,000ಕ್ಕೂ ಹೆಚ್ಚು ತಯಾರಾದವು. ಬಂಗಾಳದಿಂದ ಹೊರಟು ರಂಗೂನು, ಬ್ಯಾಂಕಾಕ್‌ಗಳವರೆಗೆ ಹೋಗಿ ಬರುವಾಗ ಸಮುದ್ರದ ಮೇಲೆ ಗಂಟೆಗಟ್ಟಲೆ ಕತ್ತಲಲ್ಲಿ ಹಾರಬೇಕಾಗಿತ್ತು.

ನಮ್ಮ ಕೋಲಾರಕ್ಕೂ ಈ ಕಥೆಯಲ್ಲಿ ಪಾಲಿದೆ. ಲಿಬರೇಟರ್ ನಡೆಸುವವರಿಗೆ ಅಲ್ಲಿ ತರಬೇತಿ ನಡೆಯುತ್ತಿತ್ತು. ಬ್ರಿಟಿಷ್ ವಿಮಾನದಳದ 358ನೆಯ ಸ್ಕ್ವಾಡ್ರನ್ 1944ರ ನವೆಂಬರಿನಲ್ಲಿ ಕೋಲಾರದಲ್ಲೇ ಹುಟ್ಟಿತು. ಮರುವರ್ಷ ಜನವರಿಯಲ್ಲಿ ಬಂಗಾಳಕ್ಕೆ ಹೋದ ಆ ದಳವು ಮಂಡಾಲೆಯ ಮೇಲೆ ಒಂದೇ ಒಂದು ಬಾಂಬ್ ದಾಳಿ ನಡೆಸಿತು. ಆಮೇಲೆ ಅದಕ್ಕೆ ವಹಿಸಿದ್ದು ಬೇರೆಯೇ ಕಾರ್ಯ: ಸಯಾಂ, ಇಂಡೋಚೀನಾ, ಮಲಯಗಳಲ್ಲಿ ಶತ್ರುವಿನ ಬೆನ್ನ ಹಿಂದೆ ಗುಪ್ತಚರರನ್ನೂ ಶಸ್ತ್ರಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸುವುದು.

ಹಾನಗಲ್ಲಿನಿಂದ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಬಂದೆ. ಪಾಳುಬಿದ್ದ ಕೋಟೆಯೊಳಗೆ ಈಗ ನವಿಲುಗಳ ರಾಜ್ಯ. ಗಂಗ ಮಾರಸಿಂಹನು ಕತ್ತಿಯನ್ನು ಕೆಳಗಿಟ್ಟು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದ ಊರಿದು. ಅಷ್ಟು ಯುದ್ಧಗಳನ್ನು ಗೆದ್ದವನಿಗೂ ಕೊನೆಯಲ್ಲಿ ಬೇಕಾದದ್ದು ಶಾಂತಿ. ಮಾವನ ಮಾತು ಮತ್ತೆ ನೆನಪಾಯಿತು: “ಗುಂಡು ತೂರಿದ ತಗಡಿಗೆ ತೇಪೆ ಹಾಕುವಾಗ, ಈ ತೂತಿನ ಆಚೆ ಯಾರು ಕುಳಿತಿದ್ದರೋ ಅನ್ನಿಸುತ್ತಿತ್ತು. ಬಾಂಬು ಬಿದ್ದ ಕಡೆ ಯಾರ ಮನೆಯಿತ್ತೋ ಅಂತಲೂ ಅನ್ನಿಸುತ್ತಿತ್ತು.” ಒಂದೇ ತೂತಿನಲ್ಲಿ ಎರಡು ಕಡೆಯ ದುಃಖವನ್ನು ಕಂಡ ಮನುಷ್ಯ ಆತ.

ಕೊನೆಗೆ ಸವಣೂರು. ನವಾಬರ ಈ ಊರಿನಲ್ಲಿ ‘ದೊಡ್ಡ ಹುಣಸೆ’ ಎಂದು ಜನ ಕರೆಯುವ, ಆಫ್ರಿಕಾ ಮೂಲದ ಮೂರು ಮಹಾವೃಕ್ಷಗಳು ಪ್ರಸಿದ್ಧವಾದವು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬೇರುಸಹಿತ ಉರುಳಿದಾಗ ಸತ್ತಿತೆಂದು ಕೈಬಿಡಲಿಲ್ಲ. ಎತ್ತಿ ಮತ್ತೆ ನೆಟ್ಟರು.

ಇದನ್ನು ಕೇಳಿದ್ದರೆ ಮಾವ ಹಿಗ್ಗುತ್ತಿದ್ದರು. ಏಕೆಂದರೆ ಅವರ ಬದುಕಿನ ಹೆಮ್ಮೆಯೂ ಇಂಥದೇ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹತ್ತಾರು ಲಿಬರೇಟರುಗಳನ್ನು ಇನ್ನು ಯಾರೂ ಹಾರಿಸದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. 1948ರಲ್ಲಿ ಬೆಂಗಳೂರಿನ ಕೆಲಸಗಾರರು ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ ಅವಕ್ಕೆ ಜೀವ ತುಂಬಿದರು. ಕಾರ್ಖಾನೆಯ ಪರೀಕ್ಷಾ ಚಾಲಕ ಜಮ್‌ಶೆಡ್ ಮುನ್ಷಿಯವರು ಹಾಗೆ ಕೈಕಾಲು ಕಟ್ಟಿದ ನಲವತ್ತೆರಡು ವಿಮಾನಗಳನ್ನು, ಒಂದೊಂದಾಗಿ, ಸಾವಿರ ಮೈಲಿಗೆ ಸಮೀಪದ ದೂರ ಹಾರಿಸಿ ಬೆಂಗಳೂರಿಗೆ ತಂದರು. ಅಲ್ಲಿ ಪೂರ್ಣ ದುರಸ್ತಿಯಾಗಿ, 1948ರ ನವೆಂಬರಿನಲ್ಲಿ ಅವು ಭಾರತೀಯ ವಾಯುಪಡೆಯ 5ನೆಯ ಸ್ಕ್ವಾಡ್ರನ್ನನ್ನು ಸೇರತೊಡಗಿದವು. ಮುಂದೆ ಸಮುದ್ರದ ಕಾವಲಿಗೂ ನಿಂತು 1968ರವರೆಗೆ ದುಡಿದವು. ಇಂದು ಬ್ರಿಟನ್, ಕೆನಡಾ, ಅಮೆರಿಕಗಳ ಸಂಗ್ರಹಾಲಯಗಳಲ್ಲಿ ನಮ್ಮ ದೇಶದಿಂದ ಹೋದ ಲಿಬರೇಟರುಗಳಿವೆ.

ಮರದ ನೆರಳಿನಲ್ಲಿ ಕುಳಿತು ಯೋಚಿಸಿದೆ. ಕಾದಿದವನಿಗೆ ಕಲ್ಲು ನೆಟ್ಟ ನಾಡು ನಮ್ಮದು. ಮುರಿದುದನ್ನು ಕೂಡಿಸಿದವನಿಗೆ ಕಲ್ಲು ನೆಟ್ಟವರುಂಟೇ? ಮಾವನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಆದರೆ ಎಲ್ಲೋ ದೂರದೇಶದಲ್ಲಿ, ಗಾಜಿನ ಬೆಳಕಿನಡಿ ನಿಂತಿರುವ ವಿಮಾನವೊಂದರ ಹೊಟ್ಟೆಯ ಮೇಲೆ, ಹಿರೇಕೆರೂರಿನ ಕೈ ಹಾಕಿದ ಒಂದು ತೇಪೆ ಇನ್ನೂ ಇದ್ದರೂ ಇರಬಹುದು.