ಲಾರಿಯ ಎಂಜಿನ್ ಮತ್ತು ಎಣ್ಣೆಯ ವಿವೇಕ

ಹೊಲವನ್ನು ನಂಬಿದ ಮನೆಗಳಂತೆ ಲಾರಿಯನ್ನು ನಂಬಿದ ಮನೆಗಳೂ ನಮ್ಮ ಸಮಾಜದಲ್ಲಿವೆ. ಎತ್ತಿಗೆ ಯಾವ ಮೇವು ಹಿತವೆಂಬುದನ್ನು ರೈತನು ಬಲ್ಲನು. ಲಾರಿಯ ಮಾಲೀಕರಾದ ನಾವಾದರೋ ಎಂಜಿನ್ನಿಗೆ ಯಾವ ಆಯಿಲ್ ಹಿತವೆಂಬುದನ್ನು ಅನೇಕ ವೇಳೆ ಅಂಗಡಿಯವರಿಗೇ ಬಿಟ್ಟುಬಿಡುತ್ತೇವೆ. ಎಂಜಿನ್ ಸೀಜ್ ಆದರೆ ನಿಲ್ಲುವುದು ಲಾರಿಯೊಂದೇ ಅಲ್ಲ. ಬ್ಯಾಂಕಿನ ಕಂತು, ಮಕ್ಕಳ ಶುಲ್ಕ, ಡ್ರೈವರರ ಮನೆಯ ಸಂತೆ ಎಲ್ಲಕ್ಕೂ ತಡೆಯಾಗುತ್ತದೆ.

ನಮ್ಮ ಮನೆಯಲ್ಲಿ ಎರಡು ಲಾರಿಗಳಿವೆ. ಒಂದು ಹಳೆಯದು. ಇನ್ನೊಂದು, 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದಂತೆ ತಯಾರಾದುದು. ಸಾಲ ಮಾಡಿ ಕೊಂಡದ್ದು. ಅದರ ಆಯಿಲ್ ಬದಲಿಸುವ ಕಾಲ ಬಂದಾಗ, ಹಳೆಯ ಲಾರಿಗೆಂದು ತಂದಿದ್ದ ಬ್ಯಾರಲ್ಲಿನಲ್ಲಿ ಅರ್ಧದಷ್ಟು ಆಯಿಲ್ ಉಳಿದಿತ್ತು. "ಸಾವ್ಕಾರ್ರ, ಎಣ್ಣಿ ಅಂದ್ರ ಎಣ್ಣೀನ ಅಲ್ರಿ? ಇದನ್ನ ಹಾಕಿದ್ರಾತು" ಎಂದರು ನಮ್ಮ ಹಿರಿಯ ಡ್ರೈವರು. ಅವರ ಮಾತಿನ ಹಿಂದೆ ಇದ್ದುದು ನಮ್ಮ ಹಣ ಉಳಿಸುವ ಕಾಳಜಿಯೇ. ಆದರೂ ಲಾರಿಯೊಡನೆ ಬಂದ ಕಂಪನಿಯ ಪುಸ್ತಕವನ್ನು ತೆರೆದು ನೋಡಿದೆವು. ಅದರಲ್ಲಿ 15ಡಬ್ಲ್ಯು-40, ಸಿಕೆ-4 ಎಂದಿತ್ತು. ಬ್ಯಾರಲ್ಲಿನ ಮೇಲೆ 15ಡಬ್ಲ್ಯು-40, ಸಿಐ-4 ಎಂದಿತ್ತು.

ಮೊದಲ ಸಂಖ್ಯೆಗಳು ಎರಡರಲ್ಲೂ ಒಂದೇ. ಆದರೆ ಅವು ಹೇಳುವುದು ಆಯಿಲಿನ ಸ್ನಿಗ್ಧತೆಯನ್ನು ಮಾತ್ರ: 15ಡಬ್ಲ್ಯು ಎಂದರೆ ತಣ್ಣಗಿರುವಾಗ ಹರಿಯುವ ಬಗೆ, 40 ಎಂದರೆ ಬಿಸಿಯಾದಾಗ ಉಳಿಯುವ ಮಂದತನ. ಭೇದವಿರುವುದು ಕೊನೆಯ ಅಕ್ಷರಗಳಲ್ಲಿ. ಹೊಸ ಲಾರಿಯ ಹೊಗೆಯ ಮಾರ್ಗದಲ್ಲಿ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಸೋಸುಕವಿದೆ. ಅಲ್ಲಿ ನಿಂತ ಮಸಿ ಸುಟ್ಟುಹೋಗುತ್ತದೆ. ಆಯಿಲಿನ ರಾಸಾಯನಿಕಗಳಿಂದ ಉಳಿಯುವ ಬೂದಿ ಮಾತ್ರ ಸುಡದೆ ಅಲ್ಲಿಯೇ ಕೂಡುತ್ತ ಹೋಗಿ ದಾರಿಯನ್ನು ಮುಚ್ಚುತ್ತದೆ. 2016ರ ಡಿಸೆಂಬರಿನಲ್ಲಿ ಬಂದ ಸಿಕೆ-4 ದರ್ಜೆಯಲ್ಲಿ ಈ ಬೂದಿಯ ಅಂಶ ಶೇಕಡಾ 1ನ್ನು ಮೀರುವಂತಿಲ್ಲ. ಸಿಐ-4ಕ್ಕೆ ಅಂಥ ಕಟ್ಟಳೆಯಿಲ್ಲ. ಇದನ್ನು ವಿವರಿಸಿದಾಗ ಡ್ರೈವರು ಒಪ್ಪಿದರು. ಬ್ಯಾರಲ್ಲು ಹಳೆಯ ಲಾರಿಗೇ ಮೀಸಲಾಯಿತು, ಏನೂ ವ್ಯರ್ಥವಾಗಲಿಲ್ಲ.

ತಕ್ಕ ಆಯಿಲ್ ಹಾಕಿದ ಮೇಲೂ ಕರ್ತವ್ಯ ಮುಗಿಯದು. ಬೆಳಿಗ್ಗೆ ಸಮತಟ್ಟಾದ ನೆಲದಲ್ಲಿ, ಎಂಜಿನ್ ಚಾಲೂ ಮಾಡುವ ಮುನ್ನ, ಡಿಪ್‌ಸ್ಟಿಕ್ ತೆಗೆದು ಒರೆಸಿ ಮತ್ತೆ ಅದ್ದಿ ನೋಡಬೇಕು. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚು ಹಾಕಿದರೆ ಒಳ್ಳೆಯದೆಂಬುದು ಭ್ರಮೆ. ಹೆಚ್ಚಾದ ಆಯಿಲ್ ಕಡೆದು ನೊರೆಯಾಗುತ್ತದೆ. ಆಯಿಲ್ ಬೇಗ ಕಪ್ಪಾಯಿತೆಂದು ಕಳವಳಪಡಬೇಕಾಗಿಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ಹಾಲಿನಂತೆ ಬೆಳ್ಳಗಾದರೆ ಮಾತ್ರ ನೀರು ಸೇರಿದೆಯೆಂದೂ, ಹಾಕದೆಯೇ ಮಟ್ಟ ಏರಿದರೆ ಡೀಸೆಲ್ಲೋ ರೇಡಿಯೇಟರಿನ ನೀರೋ ಇಳಿಯುತ್ತಿದೆಯೆಂದೂ ತಿಳಿದು, ಲಾರಿಯನ್ನು ನಿಲ್ಲಿಸಿ ಮೇಸ್ತ್ರಿಯನ್ನು ಕರೆಸಬೇಕು.

ಅಂಕೋಲೆಯ ಕಡೆಯಿಂದ ಹೇರು ಹೊತ್ತು ಅರಬೈಲ್ ಘಟ್ಟ ಏರಿದ ಲಾರಿಯನ್ನು ಮೇಲೆ ಬಂದೊಡನೆ ಬಂದ್ ಮಾಡಲಾಗದು. ಕಾದ ಟರ್ಬೊಗೆ ಆಯಿಲ್ ಹರಿಯುವುದು ತಟ್ಟನೆ ನಿಂತರೆ, ಒಳಗುಳಿದ ಆಯಿಲ್ ಕರಕಾಗಿ ಬೇರಿಂಗನ್ನು ಕೆಡಿಸುತ್ತದೆ. ಎರಡು ಮೂರು ನಿಮಿಷ ಸ್ಲೋದಲ್ಲಿ ಬಿಟ್ಟು ನಿಲ್ಲಿಸುವುದು ಲೇಸು. ಆಯಿಲಿನೊಡನೆ ಅದರ ಫಿಲ್ಟರನ್ನೂ ಬದಲಿಸಬೇಕು. ಏರ್ ಫಿಲ್ಟರಿನಿಂದ ನುಸುಳಿದ ಧೂಳು ಲೈನರು, ರಿಂಗುಗಳನ್ನು ಸವೆಸುತ್ತದೆ. ಆದುದರಿಂದ ಕ್ವಾರಿಯ ಧೂಳಿನಲ್ಲಿ ದುಡಿಯುವ ಲಾರಿಗೆ ಈ ಉಪಚಾರ ಬೇಗ ಬೇಗ ನಡೆಯಬೇಕು. ತೆಗೆದ ಹಳೆಯ ಆಯಿಲನ್ನು ಹಳ್ಳಕ್ಕೋ ಹೊಲದ ಬದುವಿಗೋ ಚೆಲ್ಲದೆ, ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡಬೇಕು.

ಮಾಲೀಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಸೀಲು ನೋಡಿ, ಬಿಲ್ಲು ಪಡೆದು ಆಯಿಲ್ ಕೊಳ್ಳಿರಿ. ಬದಲಿಸಿದ ದಿನವನ್ನೂ ಕಿಲೋಮೀಟರನ್ನೂ ವಹಿಯಲ್ಲಿ ಬರೆದಿಡಿರಿ. ಕಂಪನಿಯ ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಓದುಬಲ್ಲ ಮಕ್ಕಳಿಂದ ಓದಿಸಿ, ಡ್ರೈವರರನ್ನೂ ಹತ್ತಿರ ಕೂರಿಸಿಕೊಂಡು ಅರ್ಥ ಹೇಳಿಸಿರಿ. ದಾರಿಯಲ್ಲಿ ನಮ್ಮ ಎಂಜಿನ್ನನ್ನು ಕಾಯುವವರು ಅವರೇ ಅಲ್ಲವೆ?