ಪುಟದ ಅಂಚಿನಲ್ಲಿ

ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಪರಿಚಯದವರೊಬ್ಬರು ಸಿಕ್ಕಿ ಮಗಳ ಪಿಯುಸಿ ವಿಷಯ ತೆಗೆದರು. ‘ಸೆಕೆಂಡ್ ಲ್ಯಾಂಗ್ವೇಜ್ ಫ್ರೆಂಚ್ ಕೊಡಿಸಿದೀವಿ ಸಾರ್, ಮಾರ್ಕ್ಸ್ ಚೆನ್ನಾಗಿ ಬರುತ್ತಲ್ಲ!’ ಕನ್ನಡ ಬಿಟ್ಟರಲ್ಲ ಅನ್ನುವ ತಕರಾರು ಹಾಗಿರಲಿ, ಅದನ್ನು ಎಲ್ಲರೂ ಹೇಳಿ ಆಗಿದೆ. ನನಗೆ ಕಸಿವಿಸಿಯಾದದ್ದು ಫ್ರೆಂಚಿನ ಪರವಾಗಿ. ಆ ಸಾಹಿತ್ಯಕ್ಕೆ ಆಯುಷ್ಯವನ್ನೇ ಒಪ್ಪಿಸಿದವರಿದ್ದಾರೆ.

ಫ್ರಾನ್ಸಿನಲ್ಲಿ ಫ್ರೆಂಚ್ ಸಾಹಿತ್ಯದ ಪ್ರೊಫೆಸರ್ ಆಗುವವರಲ್ಲಿ ಹೆಚ್ಚಿನವರು ಅಗ್ರೆಗಾಸಿಯೋಂ ಎಂಬ ಸ್ಪರ್ಧಾ ಪರೀಕ್ಷೆ ದಾಟಿ ಬಂದವರು. ಒಂದೇ ಪ್ರಶ್ನೆಗೆ 7 ಗಂಟೆ ಕೂತು ಬರೆಯಬೇಕು. ಮೌಖಿಕದಲ್ಲಿ 6 ಗಂಟೆ ತಯಾರಾಗಿ 40 ನಿಮಿಷ ಪಾಠ ಮಾಡಬೇಕು. ಆಮೇಲೆ ಡಾಕ್ಟರೇಟು, ಅದರ ಮೇಲೆ ಇನ್ನೊಂದು ಅರ್ಹತೆ.

ಬೇರೆ ದಾರಿಯಿಂದ ಬಂದವರೂ ಉಂಟು. ಆಂತ್ವಾನ್ ಕೊಂಪಾನ್ಯೋಂ ಎಕೋಲ್ ಪೊಲಿಟೆಕ್ನಿಕ್‌ನಲ್ಲಿ ಓದಿ ರಸ್ತೆ-ಸೇತುವೆಗಳ ಎಂಜಿನಿಯರ್ ಆದವರು. ವಿಮರ್ಶಕ ರೋಲಾಂ ಬಾರ್ತ್ ಅವರ ಸೆಮಿನಾರಿನಲ್ಲಿ ಕೂತರು, ಸಾಹಿತ್ಯಕ್ಕೇ ಉಳಿದರು. 2006ರಲ್ಲಿ ಕೊಲೇಜ್ ದ ಫ್ರಾನ್ಸ್‌ನಲ್ಲಿ ಫ್ರೆಂಚ್ ಸಾಹಿತ್ಯದ ಪೀಠವೇರಿದರು. ಎಂಜಿನಿಯರಿಂಗ್ ಬಿಡುತ್ತೇನೆಂದರೆ ಮನೆಯಲ್ಲಿ ಸೂತಕದ ಕಳೆ ಕಟ್ಟುವ ನಮ್ಮಲ್ಲಿ ಈ ಮನುಷ್ಯನ ಕಥೆಯನ್ನು ಮತ್ತೆ ಮತ್ತೆ ಹೇಳಬೇಕು. 2012ರ ಬೇಸಿಗೆಯಲ್ಲಿ ಅವರು ರೇಡಿಯೋದಲ್ಲಿ ದಿನಕ್ಕೆ ಕೆಲವೇ ನಿಮಿಷ ಮಾಂಟೇನ್ ಬಗ್ಗೆ ಮಾತಾಡಿದರು. ಆ ಮಾತುಗಳು ಪುಸ್ತಕವಾದಾಗ ಜನ ಮುಗಿಬಿದ್ದು ಕೊಂಡರು.

ಮಾಂಟೇನ್ ಹೆಸರು ಬಂದರೆ ನನಗೆ ಮುಂದೆ ಹೋಗಲಾಗುವುದಿಲ್ಲ. ಇಂಥ ಪ್ರಬಂಧಗಳಿಗೆಲ್ಲ ಮೂಲಪುರುಷ ಅವನೇ. 1588ರಲ್ಲಿ ತನ್ನ ಪುಸ್ತಕ ಹೊಸದಾಗಿ ಅಚ್ಚಾದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಅದರದೇ ಒಂದು ಪ್ರತಿ ಎದುರಿಗಿಟ್ಟುಕೊಂಡು, 1592ರಲ್ಲಿ ಸಾಯುವವರೆಗೂ ಅಂಚಿನಲ್ಲಿ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಮುಂದೆ ಯಾರೋ ಅದಕ್ಕೆ ಬೈಂಡಿಂಗ್ ಮಾಡುವಾಗ ಅಂಚು ಕತ್ತರಿಸಿ, ಕೆಲವು ಅಕ್ಷರಗಳು ಹೋಗೇಬಿಟ್ಟವು. ಆ ಕತ್ತರಿಯನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅವನನ್ನು ತಂದೆಯಂತೆ ಕಂಡ ಮಾರಿ ದ ಗೂರ್ನೆ 1595ರಲ್ಲಿ ಹೊರತಂದ ಮುದ್ರಣಕ್ಕೂ ಈ ಪ್ರತಿಗೂ ಅಲ್ಲಲ್ಲಿ ತಾಳೆಯಾಗುವುದಿಲ್ಲ. ಯಾವುದನ್ನು ನಂಬಬೇಕು? ಪ್ರೊಫೆಸರುಗಳು ತಲೆಮಾರುಗಳಿಂದ ಜಗಳವಾಡುತ್ತಿದ್ದಾರೆ. ಮಾಂಟೇನ್ ಅಂಚಿನಲ್ಲಿ ಬರೆದ, ಬೋರ್ದೋ ಪ್ರತಿ ಎಂದು ಕರೆಯುವ ಆ ಪ್ರತಿಯೇ ಪ್ರಮಾಣವೆಂದು ಬಹುಕಾಲ ನಡೆದುಬಂದಿತ್ತು. 2007ರಲ್ಲಿ ಪ್ಲೇಯಾದ್ ಗ್ರಂಥಮಾಲೆಯಲ್ಲಿ ಬಂದ ಆವೃತ್ತಿ ಗೂರ್ನೆಯ ಪಠ್ಯವನ್ನೇ ಹಿಡಿಯಿತು. ಒಂದು ಅಲ್ಪವಿರಾಮಕ್ಕಾಗಿ ಇಷ್ಟು ಹೊತ್ತು ಹೋರಾಡುವ ಜನ ಇರುವುದರಿಂದಲೇ ಸಾಹಿತ್ಯ ಉಳಿದಿದೆ.

ನಮ್ಮಲ್ಲೂ ಇದ್ದರು. ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ಯನ್ನು ಮೇಜಿನ ಮೇಲಿಟ್ಟುಕೊಂಡು ನಮ್ಮ ಮೇಷ್ಟರು ಒಂದು ಪದ್ಯಕ್ಕೆ ಇಡೀ ಪೀರಿಯಡ್ಡು ಕೊಡುತ್ತಿದ್ದರು. ಓಲೆಗರಿಯ ಪ್ರತಿಯೊಂದರಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ, ನಿಮಗೆ ಯಾವುದು ಸರಿ ಕಾಣುತ್ತದೆ ಎಂದು ನಮ್ಮನ್ನೇ ಕೇಳುತ್ತಿದ್ದರು. ಹದಿಹರೆಯದ ನಮ್ಮ ಅಭಿಪ್ರಾಯಕ್ಕೆ ಅಷ್ಟು ಬೆಲೆ ಕೊಟ್ಟವರು ಅವರೊಬ್ಬರೇ. ಗಂಟೆ ಹೊಡೆದರೂ ನಾವು ಏಳುತ್ತಿರಲಿಲ್ಲ. ಪರೀಕ್ಷೆಗೆ ಆ ಪದ್ಯ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಿದ್ದು ನೆನಪಿಲ್ಲ.

ಮಾಂಟೇನ್‌ನ ಆ ಪ್ರತಿ ಇಂದು ಬೋರ್ದೋ ನಗರದ ಗ್ರಂಥಾಲಯದಲ್ಲಿದೆ. ಅದರ ಪುಟಗಳ ಚಿತ್ರಗಳು ಅಂತರಜಾಲದಲ್ಲಿ ಯಾರಿಗಾದರೂ ಸಿಗುತ್ತವೆ. ಫ್ರೆಂಚ್ ಕಲಿಯುವ ಮಕ್ಕಳು ಮನೆಯಲ್ಲಿದ್ದರೆ ಒಂದು ಸಂಜೆ ಜೊತೆಗೆ ಕೂತು ತೋರಿಸಿ. ನಿಮಗೆ ಫ್ರೆಂಚ್ ಬಾರದಿದ್ದರೂ ಪರವಾಗಿಲ್ಲ, ಆ ಕೈಬರಹ ನೋಡಿ.